ಹಾಲ್ ಆಫ್ ಫೇಮ್ ಬಾಗಿಲಲ್ಲಿ ಇನ್ನೂ ನಿಂತಿರೋ ಫುಟ್‌ಬಾಲ್ ಆಟಗಾರರು ಯಾರ್ ಯಾರು? (ಮೆಸ್ಸಿ-ರೊನಾಲ್ಡೊ ಜಗಳಕ್ಕೆ ಇಲ್ಲಿ ಜಾಗ ಇಲ್ಲ)

ಆಫ್‌ಸೈಡ್_ಅಣ್ಣ:

ಈ ಚರ್ಚೆ ಯಾವಾಗ ಶುರುವಾದ್ರೂ ಹತ್ತನೇ ಕಾಮೆಂಟ್ ಹೊತ್ತಿಗೆ ಮೆಸ್ಸಿನಾ ರೊನಾಲ್ಡೊನಾ ಅಂತ ಹೊಡೆದಾಟಕ್ಕೆ ಬಂದು ನಿಲ್ಲುತ್ತೆ, ಆಮೇಲೆ ಯಾರೂ ಏನೂ ಓದಲ್ಲ, ಬರೀ ಬೈಗುಳ. ಅದಕ್ಕೇ ಮೊದಲೇ ಹೇಳ್ಬಿಡ್ತೀನಿ. ಪೆಲೆ, ಮರಡೋನಾ, ಕ್ರೈಫ್, ಬೆಕೆನ್‌ಬಾವರ್, ಡಿ ಸ್ಟೆಫಾನೊ, ಪುಷ್ಕಾಶ್, ಮೆಸ್ಸಿ, ಕ್ರಿಸ್ಟಿಯಾನೊ ಇವರೆಲ್ಲ ಒಳಗೆ ಹೋಗಿ ಕೂತಾಯ್ತು. ಅವರ ಪರ ವಾದ ಮಾಡಿ ಟೈಮ್ ವೇಸ್ಟ್ ಮಾಡ್ಬೇಡಿ. ಅವರಾದ ಮೇಲೆ ಯಾರು ಅನ್ನೋದು ಪ್ರಶ್ನೆ.

ನಂಗೆ ಗೋಲ್ ಲೆಕ್ಕ, ಕಪ್ ಲೆಕ್ಕ ಎರಡರ ಮೇಲೂ ಅಷ್ಟು ನಂಬಿಕೆ ಇಲ್ಲ, ಯಾಕಂದ್ರೆ ಒಂದೊಂದು ಕಾಲದ ಆಟವೇ ಬೇರೆ. ಒಂದು ಉದಾಹರಣೆ ನೋಡಿ. 1925ರ ತನಕ ಅಟ್ಯಾಕರ್‌ಗೂ ಗೋಲ್ ಲೈನ್‌ಗೂ ಮಧ್ಯ ಎದುರಾಳಿ ಮೂರು ಜನ ಇರ್ಬೇಕಿತ್ತು, ಇಲ್ಲಾಂದ್ರೆ ಆಫ್‌ಸೈಡ್. ಆ ವರ್ಷ ಅದನ್ನ ಎರಡಕ್ಕೆ ಇಳಿಸಿದ್ರು. ಡಿಫೆಂಡರ್‌ಗಳಿಗೆ ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. 1926-27ರಲ್ಲಿ ಮಿಡಲ್ಸ್‌ಬ್ರೊದ ಜಾರ್ಜ್ ಕ್ಯಾಮ್ಸೆಲ್ ಸೆಕೆಂಡ್ ಡಿವಿಜನ್‌ನಲ್ಲಿ 59 ಗೋಲ್ ಹೊಡೆದ, ಮುಂದಿನ ವರ್ಷ ಎವರ್ಟನ್‌ನ ಡಿಕ್ಸಿ ಡೀನ್ ಫಸ್ಟ್ ಡಿವಿಜನ್‌ನಲ್ಲಿ 60 ಹೊಡೆದ. ಡೀನ್ ಹೆಸರು ಎಲ್ರಿಗೂ ಗೊತ್ತು, ಕ್ಯಾಮ್ಸೆಲ್ ಯಾರು ಅಂದ್ರೆ ಮುಖ ಮುಖ ನೋಡ್ತಾರೆ. ಒಂದೇ ಒಂದು ಗೋಲಿನ ವ್ಯತ್ಯಾಸ ಗುರು! (ಡಿವಿಜನ್ ಬೇರೆ ಅನ್ನೋದು ಗೊತ್ತು, ಅದಕ್ಕೇ ಯಾರೂ ಬಂದು ಅದನ್ನ ಹೇಳ್ಬೇಡಿ.)

ಹಾಗಾಗಿ ನನ್ನ ಅಳತೆ ಎರಡೇ. ತನ್ನ ಕಾಲದಲ್ಲಿ ಅದೇ ರೂಲ್ಸ್‌ನಲ್ಲಿ ಆಡಿದ ಉಳಿದವರಿಗಿಂತ ಎಷ್ಟು ಮುಂದಿದ್ದ? ಅವನು ಆಡಿದ ಮೇಲೆ ಆ ಜಾಗದಲ್ಲಿ ಆಡೋ ರೀತಿ ಬದಲಾಯ್ತಾ? ಈ ಲೆಕ್ಕದಲ್ಲಿ ನನ್ನ ಮೊದಲ ಹೆಸರು ನಾಂದೋರ್ ಹಿಡೆಗ್‌ಕುಟಿ. 1953ರಲ್ಲಿ ವೆಂಬ್ಲಿಯಲ್ಲಿ ಹಂಗೇರಿ 6-3ರಲ್ಲಿ ಇಂಗ್ಲೆಂಡನ್ನ ಹೊಡೆದಾಗ ಹ್ಯಾಟ್ರಿಕ್ ಇವನದ್ದು. ಬೆನ್ನ ಮೇಲೆ ಸೆಂಟರ್ ಫಾರ್ವರ್ಡ್‌ನ 9ನೇ ನಂಬರ್, ಆದ್ರೆ ನಿಲ್ಲೋದು ಮಿಡ್‌ಫೀಲ್ಡ್‌ನಲ್ಲಿ. ಇಂಗ್ಲೆಂಡ್ ಸೆಂಟರ್ ಹಾಫ್ ಅವನ ಹಿಂದೆ ಹೋದ್ರೆ ಪುಷ್ಕಾಶ್, ಕೊಚಿಶ್‌ಗೆ ಹೆದ್ದಾರಿ, ಹೋಗದಿದ್ರೆ ಹಿಡೆಗ್‌ಕುಟಿ ಆರಾಮಾಗಿ ಬಾಲ್ ಹಿಡ್ಕೊಂಡು ತಿರುಗ್ತಾನೆ. ಇವತ್ತು ಫಾಲ್ಸ್ ನೈನ್ ಅಂತ ಎಲ್ರೂ ಬಾಯಿ ತುಂಬ ಹೇಳ್ತಾರಲ್ಲ, ಅದನ್ನ ದೊಡ್ಡ ಸ್ಟೇಜ್ ಮೇಲೆ ಜಗತ್ತಿಗೆ ತೋರಿಸಿದ್ದು ಅವತ್ತು.

ನಿಮ್ಮ ಹೆಸರು ಹೇಳಿ, ಕಾರಣನೂ ಹೇಳಿ. ಬರೀ ಲಿಸ್ಟ್ ಹಾಕಿ ಓಡಿ ಹೋಗೋರಿಗೆ ರೆಡ್ ಕಾರ್ಡ್.

ಕಪ್_ಇದ್ರೆ_ಮಾತು:

ಅಣ್ಣಾ ಹಿಡೆಗ್‌ಕುಟಿ ವರ್ಲ್ಡ್ ಕಪ್ ಗೆದ್ನಾ? 1954 ಫೈನಲ್‌ನಲ್ಲಿ 2-0 ಮುಂದೆ ಇದ್ದು ವೆಸ್ಟ್ ಜರ್ಮನಿ ಕೈಲಿ 3-2 ಸೋತ್ರು. ಹಾಲ್ ಆಫ್ ಫೇಮ್ ಅಂದ್ರೆ ಗೆದ್ದವರ ಜಾಗ. ಚೆನ್ನಾಗಿ ಆಡಿ ಸೋತವರನ್ನೆಲ್ಲ ಸೇರಿಸ್ತಾ ಹೋದ್ರೆ ಕಟ್ಟಡ ಸಾಲಲ್ಲ.

ಆಫ್‌ಸೈಡ್_ಅಣ್ಣ:

@ಕಪ್_ಇದ್ರೆ_ಮಾತು ಡಿ ಸ್ಟೆಫಾನೊ ವರ್ಲ್ಡ್ ಕಪ್‌ನಲ್ಲಿ ಒಂದೇ ಒಂದು ನಿಮಿಷ ಆಡಿಲ್ಲ. 1962ರಲ್ಲಿ ಸ್ಪೇನ್ ಟೀಮ್ ಜೊತೆ ಹೋದ, ಗಾಯ ಆಗಿ ಹೊರಗೇ ಕೂತ. ಜಾರ್ಜ್ ಬೆಸ್ಟ್‌ದೂ ಸೊನ್ನೆ, ಜಾರ್ಜ್ ವೇಆದೂ ಸೊನ್ನೆ. ಲೈಬೀರಿಯಾದಲ್ಲಿ ಹುಟ್ಟಿದವನು ವರ್ಲ್ಡ್ ಕಪ್ ಗೆಲ್ಲೋದು ಹೇಗೆ ಹೇಳು? ಅಷ್ಟೂ ಜನರನ್ನ ನೀನೇ ಹೊರಗೆ ಹಾಕ್ತೀಯಾ?

ಕಪ್_ಇದ್ರೆ_ಮಾತು:

ಡಿ ಸ್ಟೆಫಾನೊ ಐದು ಯುರೋಪಿಯನ್ ಕಪ್ ಗೆದ್ದಿದ್ದಾನೆ, ಐದು ಫೈನಲ್‌ನಲ್ಲೂ ಗೋಲ್ ಹೊಡೆದಿದ್ದಾನೆ. ಅದೂ ಕಪ್ಪೇ ತಾನೇ? ನಾನು ವರ್ಲ್ಡ್ ಕಪ್ ಅಂತ ಮಾತ್ರ ಎಲ್ಲಿ ಅಂದೆ. ವೇಆ ಬಗ್ಗೆ ಯೋಚ್ನೆ ಮಾಡ್ತೀನಿ.

ಗೋಲ್‌ಪೋಸ್ಟ್_ಮಾರಾಯ:

ನೀವೆಲ್ಲ ಗೋಲ್ ಹೊಡಿಯೋರ ಬಗ್ಗೆಯೇ ಮಾತಾಡ್ತಿದ್ದೀರಲ್ಲ ಮಾರಾಯ್ರೆ, ತಡೆಯುವವನ ಕಥೆ ಎಂತ? ಫ್ರಾನ್ಸ್ ಫುಟ್‌ಬಾಲ್ ಮ್ಯಾಗಜೀನ್ ವರ್ಷದ ಬೆಸ್ಟ್ ಪ್ಲೇಯರ್‌ಗೆ ಕೊಡುವ ಬ್ಯಾಲನ್ ಡಿ'ಓರ್ ಶುರುವಾದದ್ದು 1956ರಲ್ಲಿ. ಅಲ್ಲಿಂದ ಇಲ್ಲಿ ತನಕ ಒಬ್ಬನೇ ಒಬ್ಬ ಗೋಲ್‌ಕೀಪರ್‌ಗೆ ಸಿಕ್ಕಿದೆ, 1963ರಲ್ಲಿ ಸೋವಿಯತ್ ಯೂನಿಯನ್‌ನ ಲೆವ್ ಯಾಶಿನ್‌ಗೆ. ಅದರಲ್ಲೂ ತಮಾಷೆ ಎಂತ ಗೊತ್ತುಂಟಾ, ಅದರ ಹಿಂದಿನ ವರ್ಷ ಚಿಲಿಯಲ್ಲಿ ನಡೆದ ವರ್ಲ್ಡ್ ಕಪ್‌ನಲ್ಲಿ ಅವನು ಕೆಟ್ಟದಾಗಿ ಆಡಿದ್ದ. ಕೊಲಂಬಿಯಾ ಜೊತೆ 4-4, ಅದರಲ್ಲಿ ಒಂದು ಗೋಲ್ ಕಾರ್ನರ್‌ನಿಂದ ನೇರವಾಗಿ ಒಳಗೆ ಹೋಗಿದ್ದು. ಆಮೇಲೆ ಚಿಲಿ ಕೈಯಲ್ಲಿ ಸೋತು ಮನೆಗೆ. ಕತೆ ಮುಗೀತು ಅಂದ್ರು ಜನ. ಮುಂದಿನ ವರ್ಷ ಯುರೋಪ್‌ನ ಬೆಸ್ಟ್ ಪ್ಲೇಯರ್.

ಯಾಶಿನ್ ಬರೀ ಚೆಂಡು ಹಿಡಿದವ ಅಲ್ಲ. ಪೆನಾಲ್ಟಿ ಏರಿಯಾ ಬಿಟ್ಟು ಹೊರಗೆ ಓಡಿ ಬರೋದು, ಡಿಫೆಂಡರ್‌ಗಳಿಗೆ ಕೂಗಿ ಕೂಗಿ ಜಾಗ ತೋರಿಸೋದು, ಬಾಲ್ ಹಿಡಿದ ತಕ್ಷಣ ದೂರಕ್ಕೆ ಎಸೆದು ಕೌಂಟರ್ ಅಟ್ಯಾಕ್ ಶುರು ಮಾಡೋದು. ಆಗಿನ ಕೀಪರ್‌ಗಳು ಹೆಚ್ಚಿನವರು ಲೈನ್ ಬಿಟ್ಟು ಕದಲ್ತಿರ್ಲಿಲ್ಲ. ಅಣ್ಣನ ಎರಡನೇ ಅಳತೆಗೆ ಇವನಿಗಿಂತ ಸರಿಯಾಗಿ ಕೂರುವ ಹೆಸರು ಇನ್ನೊಂದಿಲ್ಲ.

ಇನ್ನೊಂದು ವಿಷಯ. ಕೀಪರ್‌ಗಳನ್ನ ಒಂದೇ ಸಾಲಲ್ಲಿ ನಿಲ್ಲಿಸಿ ಹೋಲಿಸಲಿಕ್ಕೇ ಆಗುದಿಲ್ಲ. 1992ರಲ್ಲಿ ಬ್ಯಾಕ್ ಪಾಸ್ ರೂಲ್ ಬಂತು, ಅಂದ್ರೆ ಸ್ವಂತ ಟೀಮಿನವ ಬೇಕಂತ ಕಾಲಲ್ಲಿ ಕೊಟ್ಟ ಬಾಲನ್ನ ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. ಅಲ್ಲಿಂದ ಮೇಲೆ ಅದು ಬೇರೆಯೇ ಕೆಲಸ. ಗೋರ್ಡನ್ ಬ್ಯಾಂಕ್ಸ್, ಡೀನೊ ಜೋಫ್ ಇವರಿಗೆಲ್ಲ ಕಾಲಲ್ಲಿ ಆಡ್ಲಿಕ್ಕೆ ಬರ್ತಿತ್ತಾ ಇಲ್ವಾ ಅಂತ ಯಾರೂ ಕೇಳ್ಲೇ ಇಲ್ಲ, ಕೇಳುವ ಅಗತ್ಯವೂ ಇರ್ಲಿಲ್ಲ. 2014ರಲ್ಲಿ ಅಲ್ಜೀರಿಯಾ ಮೇಲೆ ಜರ್ಮನಿಯ ಮಾನ್ಯುಯೆಲ್ ನೊಯರ್ ಅರ್ಧ ಮ್ಯಾಚ್ ಬಾಕ್ಸ್‌ನ ಹೊರಗೇ ಇದ್ದ ಹಾಗೆ ಆಡಿದನಲ್ಲ, ಅದು 1992ರ ಮುಂಚೆ ಹುಚ್ಚಾಟ. ಈಗ ಅದೇ ಪಾಠ. ಹಾಗಾಗಿ ನಾನು ಹೇಳುದು, ಕೀಪರ್‌ಗಳಿಗೆ ಎರಡು ಕುರ್ಚಿ ಬೇಕೇ ಬೇಕು, ಹಳೇ ಕಾಲಕ್ಕೆ ಯಾಶಿನ್, ಹೊಸ ಕಾಲಕ್ಕೆ ನೊಯರ್. ಬುಫಾನ್ ಭಕ್ತರು ಬೈಬಹುದು, ಆಗಲಿ.

ಬುಫಾನ್_ಭಕ್ತ:

ಬೈತೀನಿ. 2006ರಲ್ಲಿ ಇಡೀ ವರ್ಲ್ಡ್ ಕಪ್‌ನಲ್ಲಿ ಇಟಲಿ ಕೀಪರ್ ಬುಫಾನ್ ಬಿಟ್ಟಿದ್ದು ಎರಡೇ ಗೋಲು, ಒಂದು ಸ್ವಂತ ಟೀಮಿನವನೇ ಹೊಡೆದ ಓನ್ ಗೋಲ್, ಇನ್ನೊಂದು ಜಿದಾನ್‌ನ ಪೆನಾಲ್ಟಿ. ಓಪನ್ ಪ್ಲೇನಲ್ಲಿ ಎದುರಾಳಿ ಒಬ್ಬನೂ ಹೊಡೀಲಿಲ್ಲ. ಸಾಕಾ?

ಗೋಲ್‌ಪೋಸ್ಟ್_ಮಾರಾಯ:

@ಬುಫಾನ್_ಭಕ್ತ ಒಳ್ಳೇ ಕೀಪರ್ ಹೌದು, ನಾನೆಂತ ಇಲ್ಲ ಅಂದ್ನಾ? ಆದ್ರೆ ಅವನು ಆ ಕೆಲಸವನ್ನ ಅತ್ಯುತ್ತಮವಾಗಿ ಮಾಡಿದ, ನೊಯರ್ ಕೆಲಸವನ್ನೇ ಬದಲಿಸಿದ. ಮತ್ತೆ ಆ 2006ರ ಲೆಕ್ಕದಲ್ಲಿ ಇಟಲಿ ಡಿಫೆಂಡರ್ ಕನ್ನವಾರೊ ಪಾಲು ಎಷ್ಟು ಅಂತಲೂ ನೋಡ್ಬೇಕಲ್ಲ.

ಗಡಗಡ_ಬ್ಯಾಕ್:

ಕನ್ನವಾರೊ ಹೆಸರ ತೆಗದ್ರಿ, ಈಗ ನಾ ಮಾತಾಡ್ತೀನಿ. ಡಿಫೆಂಡರ್‌ಗೋಳಿಗೆ ಆಗಿರೋ ಅನ್ಯಾಯ ಕೀಪರ್‌ಗಿಂತ ಕಮ್ಮಿ ಏನಿಲ್ರಿ. ಇಷ್ಟ್ ವರ್ಷದಾಗ ಬ್ಯಾಲನ್ ಡಿ'ಓರ್ ತಗೊಂಡ ಡಿಫೆಂಡರ್ ಮೂರೇ ಮಂದಿ, ಬೆಕೆನ್‌ಬಾವರ್, 1996ರಾಗ ಮಥಿಯಾಸ್ ಸಾಮ್ಮರ್, 2006ರಾಗ ಕನ್ನವಾರೊ. ಅದರಾಗ ಮೊದಲ ಇಬ್ರೂ ಲಿಬೆರೊ, ಮುಂದ ಹೋಗಿ ಆಡಾವ್ರು. ಬರೇ ತಡಿಯೂದಕ್ಕ ಅಂತ ಕೊಟ್ಟಿದ್ದು ಒಂದ ಸಲ.

ಪಾವ್ಲೊ ಮಾಲ್ದೀನಿ ನೋಡ್ರಿ. 1985ರಾಗ ಹದಿನಾರು ವರ್ಷದ ಹುಡುಗ ಇದ್ದಾಗ ಮಿಲಾನ್‌ಗೆ ಆಡಾಕ ಶುರು ಮಾಡಿದಾಂವ 2009ರ ತನಕ ಅದ ಕ್ಲಬ್ಬಿಗೆ ಆಡಿದ. 902 ಮ್ಯಾಚ್, ಐದು ಯುರೋಪಿಯನ್ ಕಪ್, ಮೊದಲನೇದು 1989ರಾಗ, ಕಡೀದು 2007ರಾಗ. ಆ ಎರಡರ ನಡುವ ಆಟ ಎಷ್ಟ್ ಸಲ ಬದಲಾತು ಲೆಕ್ಕ ಹಾಕ್ರಿ. ಹಿಂದಿನಿಂದ ಟ್ಯಾಕಲ್ ಮಾಡಿದ್ರ ಮಾಫಿ ಇದ್ದ ಕಾಲದಾಗ ಶುರು ಮಾಡಿದ, ಮುಟ್ಟಿದ್ರ ಕಾರ್ಡ್ ಅನ್ನೂ ಕಾಲದಾಗ ಮುಗಿಸಿದ, ಲೆಫ್ಟ್ ಬ್ಯಾಕ್ ಆಗಿದ್ದಾಂವ ಸೆಂಟರ್ ಬ್ಯಾಕ್ ಆದ, ಆದ್ರ ಅವನ ಮಟ್ಟ ಇಳೀಲಿಲ್ಲ. ನೀವ್ ಕಾಲಕಾಲಕ್ಕ ಹೋಲಿಸೂದು ಹೆಂಗ ಅಂತ ತಲಿ ಕೆಡಿಸ್ಕೊಂಡೀರಲ್ಲ, ಈ ಮನಷ್ಯಾ ಒಬ್ನ ಮೂರು ಕಾಲ ಆಡಿ ತೋರಿಸ್ಯಾನ. ಬ್ಯಾಲನ್ ಡಿ'ಓರ್‌ನಾಗ ಎರಡ ಸಲ ಮೂರನೇ ಸ್ಥಾನ, ಅಷ್ಟ.

ಮತ್ತ @ಕಪ್_ಇದ್ರೆ_ಮಾತು ಅವರ ಲೆಕ್ಕಕ್ಕ ಹೇಳ್ತೀನಿ, ಇಟಲಿ ಪರವಾಗಿ ಮಾಲ್ದೀನಿ ಒಂದೂ ಕಪ್ ಗೆದ್ದಿಲ್ಲ. 1994ರ ವರ್ಲ್ಡ್ ಕಪ್ ಫೈನಲ್ ಸೋತ, 2000ದ ಯೂರೋ ಫೈನಲ್ ಸೋತ.

ಅವನ ಬಾಜೂಕ ನಿಂತಿದ್ದ ಫ್ರಾಂಕೊ ಬರೇಸೀನೂ ಬಿಡಬ್ಯಾಡ್ರಿ. 1994ರಾಗ ಟೂರ್ನಮೆಂಟ್ ನಡುವ ಮೊಣಕಾಲ ಆಪರೇಶನ್ ಮಾಡಿಸ್ಕೊಂಡು ಫೈನಲ್‌ಗೆ ಬಂದು ನಿಂತ. ಬ್ರೆಜಿಲ್‌ನ ರೊಮಾರಿಯೊ, ಬೆಬೆಟೊ ಇಬ್ರಿಗೂ 120 ನಿಮಿಷದಾಗ ಒಂದೂ ಗೋಲ್ ಕೊಡ್ಲಿಲ್ಲ. ಆಮ್ಯಾಲೆ ಪೆನಾಲ್ಟಿ ಬಾರ್ ಮ್ಯಾಲಿಂದ ಹೊರಗ ಹೊಡದ. ಮಂದಿಗೆ ನೆನಪಿರೂದು ಆ ಪೆನಾಲ್ಟಿ, ಅದೂ ಅವತ್ತ ತಪ್ಪಿಸಿದ ಇನ್ನೊಬ್ಬ ಬ್ಯಾಜೊಂದು ಮೊದಲ ನೆನಪಾಕ್ಕತಿ, ಬರೇಸಿದು ಆಮ್ಯಾಲೆ.

ಸೈಡ್‌ಬೆಂಚ್:

ಮಕೆಲೆಲೆ, ಡಿಫೆನ್ಸ್ ಮುಂದೆ ನಿಂತು ತಡೆಯೋ ಮಿಡ್‌ಫೀಲ್ಡರ್. ಕಾರಣ: 2003ರಲ್ಲಿ ರಿಯಲ್ ಮ್ಯಾಡ್ರಿಡ್ ಅವನನ್ನ ಚೆಲ್ಸಿಗೆ ಬಿಟ್ಟುಕೊಡ್ತು, ಅದಾದ ಮೇಲೆ ಮ್ಯಾಡ್ರಿಡ್ ಲೀಗ್ ಗೆದ್ದಿದ್ದು 2007ರಲ್ಲಿ. ಅಷ್ಟೇ.

ಆಫ್‌ಸೈಡ್_ಅಣ್ಣ:

@ಸೈಡ್‌ಬೆಂಚ್ ಮೂರೇ ಸಾಲಲ್ಲಿ ಇಷ್ಟು ಗಟ್ಟಿ ವಾದ ಇಡೀ ಥ್ರೆಡ್‌ನಲ್ಲಿ ಇನ್ನೊಂದಿಲ್ಲ. ಆದ್ರೂ ನಂಗೆ ಅದೇ ಜಾಗದಲ್ಲಿ ಆಡಿದ ಬುಸ್ಕೆಟ್ಸ್ ಇನ್ನೂ ಒಂದು ಕೈ ಮೇಲೆ. ಅದನ್ನ ಆಮೇಲೆ ನೋಡೋಣ.

ಅಂಕಿಅಂಶದ_ಅಜ್ಜ:

ಗೋಲ್ ಲೆಕ್ಕ ನಂಬಲ್ಲ ಅಂತ ಒಂದೇ ಏಟಿಗೆ ತಳ್ಳಿಹಾಕೋದು ಸರಿ ಅಲ್ಲ. ನಂಬಬಾರದ ಲೆಕ್ಕ ಯಾವುದು, ನಂಬಬಹುದಾದ್ದು ಯಾವುದು ಅಂತ ಬೇರೆ ಮಾಡ್ಬೇಕು. ಬ್ರೆಜಿಲ್‌ನ ಫ್ರೀಡೆನ್‌ರೈಶ್ ಸಾವಿರಕ್ಕೂ ಹೆಚ್ಚು ಗೋಲ್ ಹೊಡೆದ ಅನ್ನೋ ಕಥೆ ಇದೆ, ದಾಖಲೆ ಕೇಳಿದ್ರೆ ಇಲ್ಲ. ಪೆಲೆದು 1283 ಅಂತಾರೆ, ಅದ್ರಲ್ಲಿ ಫ್ರೆಂಡ್ಲಿ, ಟೂರ್ ಮ್ಯಾಚ್ ಎಲ್ಲ ಸೇರಿದೆ. ಯೋಸೆಫ್ ಬಿಟ್ಸಾನ್ ಗೋಲುಗಳಲ್ಲಿ ದೊಡ್ಡ ಪಾಲು ಯುದ್ಧದ ವರ್ಷಗಳ ಲೀಗ್‌ನಲ್ಲಿ ಬಂದಿದ್ದು, ಅದನ್ನ ಎಷ್ಟು ತೂಕ ಹಾಕ್ಬೇಕು ಅಂತ ಇವತ್ತಿಗೂ ಜಗಳ.

ಅದೇ ಗೆರ್ಡ್ ಮ್ಯುಲ್ಲರ್ ತಗೊಳ್ಳಿ. ವೆಸ್ಟ್ ಜರ್ಮನಿಗೆ 62 ಮ್ಯಾಚ್, 68 ಗೋಲ್. ಅಲ್ಲಿನ ಟಾಪ್ ಲೀಗ್ ಬುಂಡೆಸ್‌ಲಿಗಾದಲ್ಲಿ 365. ಒಂದೊಂದು ಗೋಲಿಗೂ ತಾರೀಕು ಇದೆ, ಎದುರಾಳಿ ಇದೆ. 1971-72ರಲ್ಲಿ ಒಂದೇ ಸೀಸನ್‌ಗೆ 40 ಹೊಡೆದಿದ್ದು ಮುರಿಯೋಕೆ ಲೆವಾಂಡೊವ್‌ಸ್ಕಿ 2021ರಲ್ಲಿ ಬರ್ಬೇಕಾಯ್ತು, ಅದೂ 41, ಒಂದೇ ಗೋಲ್ ಜಾಸ್ತಿ. ಸುಮಾರು ಐವತ್ತು ವರ್ಷ ಪಿಚ್ ಬದಲಾಗಿ, ಬೂಟು ಬದಲಾಗಿ, ಫಿಟ್‌ನೆಸ್ ಬದಲಾಗಿ, ಡಿಫೆನ್ಸ್ ಬದಲಾಗಿ ಒಂದು ಲೆಕ್ಕ ಹಾಗೇ ನಿಂತಿದ್ರೆ ಅದು ಕಾಲಕ್ಕೆ ಸಿಕ್ಕ ಲಾಭ ಅಲ್ಲ, ಅವನ ತಾಕತ್ತು. ಮ್ಯುಲ್ಲರ್ ನೋಡೋಕೆ ಚಂದ ಆಡ್ತಿರ್ಲಿಲ್ಲ ಅನ್ನೋದು ಬಿಟ್ರೆ ಅವನ ವಿರುದ್ಧ ಯಾರಾದ್ರೂ ಏನಾದ್ರೂ ಹೇಳಿ ನೋಡೋಣ.

ಕಷ್ಟದ ಹೆಸರು ಜುಸ್ಟ್ ಫಾಂಟೇನ್. 1958ರ ಒಂದೇ ವರ್ಲ್ಡ್ ಕಪ್‌ನಲ್ಲಿ ಆರು ಮ್ಯಾಚ್, 13 ಗೋಲ್. ಫ್ರಾನ್ಸ್‌ಗೆ ಒಟ್ಟು 21 ಮ್ಯಾಚ್, 30 ಗೋಲ್. ಕಾಲು ಮುರಿದು 28ನೇ ವಯಸ್ಸಿಗೆ ಆಟ ಮುಗೀತು. ಒಂದು ಬೇಸಿಗೆ ಸಾಕಾ ಹಾಲ್ ಆಫ್ ಫೇಮ್‌ಗೆ?

ಕಪ್_ಇದ್ರೆ_ಮಾತು:

ಸಾಕಾಗಲ್ಲ. ಹತ್ತು ವರ್ಷ ಆಡಿದವನಿಗೂ ಒಂದು ತಿಂಗಳು ಮಿಂಚಿದವನಿಗೂ ಒಂದೇ ಕುರ್ಚಿ ಹೆಂಗೆ?

ಹಳೇ_ಬೂಟು:

@ಕಪ್_ಇದ್ರೆ_ಮಾತು ಹಾಗಾದ್ರೆ ಮಾರ್ಕೊ ವಾನ್ ಬಾಸ್ಟೆನ್‌ಗೆ ಏನ್ ಹೇಳ್ತೀಯ. ಮೂರು ಬ್ಯಾಲನ್ ಡಿ'ಓರ್, 88ರ ಯೂರೋ ಫೈನಲ್‌ನಲ್ಲಿ ಆ ಅಸಾಧ್ಯ ಕೋನದಿಂದ ಹೊಡೆದ ವಾಲಿ, ಅವನ ಕೊನೇ ಮ್ಯಾಚ್ 1993ರ ಚಾಂಪಿಯನ್ಸ್ ಲೀಗ್ ಫೈನಲ್, ಆಗ ವಯಸ್ಸು 28. ಕಣಕಾಲು ಕೈಕೊಟ್ತು ಅಂತ ಹೇಳ್ತಾರೆ ಆದ್ರೆ ಅದು ತಾನಾಗೇ ಕೈಕೊಡ್ಲಿಲ್ಲ, ಹಿಂದಿನಿಂದ ಬಂದು ಕಾಲಿಗೆ ಹೊಡೆಯೋದು ಆ ಕಾಲದಲ್ಲಿ ಡಿಫೆಂಡರ್‌ನ ದಿನದ ಕೆಲಸ ಆಗಿತ್ತು, ರೆಫ್ರಿಗಳು ನೋಡಿಯೂ ನೋಡದ ಹಾಗೆ ಇರೋರು, ಇವತ್ತಿನ ರೂಲ್ಸ್ ಇದ್ದಿದ್ರೆ ಅವನು 34ರ ತನಕ ಆಡ್ತಿದ್ದ ಅನ್ನೋದು ನನ್ನ ಖಚಿತ ಅಭಿಪ್ರಾಯ. ಇವತ್ತಿನ ಸ್ಟ್ರೈಕರ್‌ಗಳು ಇಪ್ಪತ್ತು ವರ್ಷ ಆಡ್ತಾರೆ ಅಂದ್ರೆ ಅದ್ರಲ್ಲಿ ಅವರ ಶ್ರಮ ಎಷ್ಟಿದೆಯೋ ರೂಲ್ ಬುಕ್ಕಿನ ಕಾವಲೂ ಅಷ್ಟೇ ಇದೆ. ಎಷ್ಟು ವರ್ಷ ಆಡಿದ ಅನ್ನೋದನ್ನ ಅಳತೆ ಮಾಡೋಕೆ ಹೊರಟ್ರೆ ಹಳೇ ಕಾಲದವರಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ.

ಡಂಕನ್ ಎಡ್ವರ್ಡ್ಸ್ ಅಂತೂ 21ಕ್ಕೇ ಹೋದ, 1958ರ ಮ್ಯೂನಿಕ್ ವಿಮಾನ ದುರಂತ. ಇಂಗ್ಲೆಂಡ್‌ಗೆ ಆಡಿದ್ದು 18 ಮ್ಯಾಚ್. ಆದ್ರೂ ಇಂಗ್ಲೆಂಡ್‌ನ ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಂ 2002ರಲ್ಲಿ ಹಾಲ್ ಆಫ್ ಫೇಮ್ ಶುರು ಮಾಡಿದಾಗ ಮೊದಲ ಪಟ್ಟಿಯಲ್ಲೇ ಹಾಕಿದ್ರು. ಅವರು ವರ್ಷ ಎಣಿಸ್ಲಿಲ್ಲ.

ಅಂಕಿಅಂಶದ_ಅಜ್ಜ:

@ಹಳೇ_ಬೂಟು ವಾನ್ ಬಾಸ್ಟೆನ್ ಸರಿ. ಎಡ್ವರ್ಡ್ಸ್ ವಿಷಯದಲ್ಲಿ ನಾವು ಅವನು ಆಡಿದ್ದಕ್ಕೆ ಗೌರವ ಕೊಡ್ತಿದ್ದೀವಾ, ಆಡಬಹುದಾಗಿದ್ದಕ್ಕಾ? ಎರಡನೇದಾದ್ರೆ ನಂಗೆ ಒಪ್ಪಿಗೆ ಇಲ್ಲ, ಎಷ್ಟೇ ಹೊಟ್ಟೆ ಉರಿದ್ರೂ.

ಎಡಗಾಲು_ಎಕ್ಸ್‌ಪ್ರೆಸ್:

ಇಷ್ಟು ಹೊತ್ತಿನಿಂದ ಓದ್ತಾ ಇದ್ದೀನಿ, ಇನ್ನೂ ಒಂದು ಹೆಣ್ಣಿನ ಹೆಸರು ಬಂದಿಲ್ಲ. ಅದೇ 2002ರ ಮೊದಲ ಪಟ್ಟಿಯಲ್ಲಿ ಲಿಲಿ ಪಾರ್ ಕೂಡ ಇದ್ಳು ಅನ್ನೋದನ್ನ @ಹಳೇ_ಬೂಟು ಹೇಳ್ಳೇ ಇಲ್ಲ ನೋಡಿ.

ಕಾಲಕಾಲಕ್ಕೆ ರೂಲ್ಸ್ ಬೇರೆ ಅಂತ ಅಣ್ಣ ಶುರು ಮಾಡಿದ್ರಲ್ಲ, ಹಾಗಾದ್ರೆ ಎಲ್ಲಕ್ಕಿಂತ ದೊಡ್ಡ ರೂಲ್ ಇದು. 1920ರ ಡಿಸೆಂಬರ್ 26, ಎವರ್ಟನ್‌ನ ಗುಡಿಸನ್ ಪಾರ್ಕ್, ಡಿಕ್ ಕೆರ್ ಲೇಡೀಸ್ ಅನ್ನೋ ಹೆಂಗಸರ ಟೀಮಿನ ಮ್ಯಾಚ್ ನೋಡೋಕೆ 53,000 ಜನ. ಒಂದೇ ವರ್ಷದಲ್ಲಿ, 1921ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ ಎಫ್ಎ ತನ್ನ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡೋ ಹಾಗಿಲ್ಲ ಅಂತ ಬ್ಯಾನ್ ಮಾಡ್ತು. ಅದು ತೆಗೆಯೋಕೆ ಸುಮಾರು ಐವತ್ತು ವರ್ಷ ಹಿಡೀತು. ಬ್ರೆಜಿಲ್‌ನಲ್ಲಿ 1941ರಿಂದ 1979ರ ತನಕ ಕಾನೂನಿನಲ್ಲೇ ನಿಷೇಧ, ವೆಸ್ಟ್ ಜರ್ಮನಿಯಲ್ಲಿ 1955ರಿಂದ 1970ರ ತನಕ. ಲಿಲಿ ಪಾರ್ ಹದಿನಾಲ್ಕಕ್ಕೆ ಆ ಟೀಮ್ ಸೇರಿದವಳು, ಬ್ಯಾನ್ ಆದ ಮೇಲೂ ಸಿಕ್ಕ ಸಿಕ್ಕ ಮೈದಾನದಲ್ಲಿ ದಶಕಗಟ್ಲೆ ಆಡಿದಳು. ಅವಳ ಗೋಲ್ ಎಷ್ಟು ಅಂತ ಕೇಳಿದ್ರೆ ನಾನು ಉತ್ತರ ಕೊಡಲ್ಲ, ಲೆಕ್ಕ ಇಡಬೇಕಾದವರು ಗೇಟಿಗೆ ಬೀಗ ಹಾಕಿ ಹೋಗಿದ್ರು.

ಈಗಿನ ಕಾಲಕ್ಕೆ ಬಂದ್ರೆ ಬ್ರೆಜಿಲ್‌ನ ಮಾರ್ತಾ. ಐದು ವರ್ಲ್ಡ್ ಕಪ್‌ನಲ್ಲಿ ಗೋಲ್, 2019ರ ಹೊತ್ತಿಗೆ ಒಟ್ಟು 17. ಆ ಹೊತ್ತಿಗೆ ಗಂಡಸರ ವರ್ಲ್ಡ್ ಕಪ್‌ನಲ್ಲಿ ಎಲ್ಲರಿಗಿಂತ ಮೇಲಿದ್ದ ಕ್ಲೋಸೆದು 16. ನಿಷೇಧ ತೆಗೆದು ಏಳೇ ವರ್ಷಕ್ಕೆ, 1986ರಲ್ಲಿ ಆ ದೇಶದಲ್ಲಿ ಹುಟ್ಟಿದವಳು ಅವಳು. ಇನ್ನು ಮಿಷೆಲ್ ಏಕರ್ಸ್. 1991ರ ಮೊದಲ ಮಹಿಳಾ ವರ್ಲ್ಡ್ ಕಪ್‌ನಲ್ಲಿ 10 ಗೋಲ್, ಫೈನಲ್‌ನಲ್ಲಿ ನಾರ್ವೆ ಮೇಲೆ ಅಮೆರಿಕದ ಎರಡೂ ಗೋಲ್ ಅವಳದ್ದೇ. ಆ ಟೂರ್ನಮೆಂಟ್‌ನಲ್ಲಿ ಮ್ಯಾಚ್ 80 ನಿಮಿಷ ಮಾತ್ರ ಇತ್ತು, ಹೆಂಗಸರಿಗೆ 90 ನಿಮಿಷ ಆಗಲ್ಲ ಅನ್ನೋ ಲೆಕ್ಕಾಚಾರ ಇರ್ಬೇಕು! ಆಮೇಲೆ ಕ್ರಾನಿಕ್ ಫಟೀಗ್ ಕಾಯಿಲೆ ಹಿಡೀತು, ಅವಳು ಮಿಡ್‌ಫೀಲ್ಡ್‌ಗೆ ಹಿಂದೆ ಸರಿದು 1999ರಲ್ಲಿ ಇನ್ನೊಂದು ವರ್ಲ್ಡ್ ಕಪ್ ಗೆದ್ದಳು.

ಕಪ್_ಇದ್ರೆ_ಮಾತು:

ಗೌರವ ಇದೆ, ಆದ್ರೆ ಅವರಿಗೆ ಬೇರೆ ಲಿಸ್ಟ್ ಮಾಡೋದು ಒಳ್ಳೇದಲ್ವಾ? ಹೋಲಿಕೆ ಹೆಂಗೆ ಮಾಡೋದು?

ಎಡಗಾಲು_ಎಕ್ಸ್‌ಪ್ರೆಸ್:

@ಕಪ್_ಇದ್ರೆ_ಮಾತು 1928ರ ಡಿಕ್ಸಿ ಡೀನ್‌ನ 2022ರ ಎಂಬಾಪೆ ಜೊತೆ ನಿಲ್ಲಿಸಿ ಹೋಲಿಸೋಕೆ ಆಗುತ್ತಾ? ಆಗಲ್ಲ ಅಂತ ತಾನೇ ಅವರವರ ಕಾಲದಲ್ಲಿ ನೋಡೋಣ ಅಂತ ಈ ಥ್ರೆಡ್ ನಡೀತಿರೋದು. ಅದೇ ಅಳತೆಲಿ ಮಾರ್ತಾನ ನೋಡಿ, ಬೇರೆ ಲಿಸ್ಟ್ ಯಾಕೆ ಬೇಕು? ನಿಮ್ಮ ಕಪ್ ಲೆಕ್ಕಕ್ಕೇ ಬಂದ್ರೂ ಏಕರ್ಸ್ ಹತ್ರ ಎರಡು ವರ್ಲ್ಡ್ ಕಪ್ ಇದೆ, ಕ್ರೈಫ್ ಹತ್ರ ಒಂದೂ ಇಲ್ಲ.

ಗಡಗಡ_ಬ್ಯಾಕ್:

ಹೊಡದ್ಳು ನೋಡ್ರಿ ಗೋಲು 😂

ನಿಧಾನವಾಗಿ_ಪಾಸ್_ಮಾಡಿ:

ಪಟ್ಟಿ ಮಾಡೋ ಕೆಲಸ ಯಾರಿಗೂ ಒಳ್ಳೇ ಹೆಸರು ತಂದಿಲ್ಲ ಅನ್ನೋದನ್ನ ನೆನಪಿಸ್ತೀನಿ. 2004ರಲ್ಲಿ ಫಿಫಾ ನೂರು ವರ್ಷದ ಸಂಭ್ರಮಕ್ಕೆ ಪೆಲೆ ಕೈಲಿ ನೂರು ಜನರ ಪಟ್ಟಿ ಮಾಡಿಸೋಕೆ ಹೋಗಿ ಅದು 125 ಆಯ್ತು. ಪೆಲೆ ಜೊತೆಗೇ 1970 ಗೆದ್ದ ಗೆರ್ಸನ್ ಹೆಸರು ಅದರಲ್ಲಿ ಇರ್ಲಿಲ್ಲ, ಅವನು ಟಿವಿಯಲ್ಲಿ ಆ ಪಟ್ಟಿನ ಹರಿದು ಹಾಕಿದ. ಹೆಂಗಸರು ಇಬ್ಬರೇ, ಏಕರ್ಸ್ ಮತ್ತು ಮಿಯಾ ಹ್ಯಾಮ್. ಅದಕ್ಕೂ ಮುಂಚೆ 2000ದಲ್ಲಿ ಶತಮಾನದ ಆಟಗಾರ ಯಾರು ಅಂತ ಇಂಟರ್ನೆಟ್‌ನಲ್ಲಿ ವೋಟ್ ಹಾಕ್ಸಿದ್ರು, ಮರಡೋನಾ ಭರ್ಜರಿಯಾಗಿ ಗೆದ್ದ. ಆಗ ಇಂಟರ್ನೆಟ್ ಇದ್ದದ್ದು ಯಾರ ಹತ್ರ, ಚಿಕ್ಕ ವಯಸ್ಸಿನವರ ಹತ್ರ, ಅವರು ಪೆಲೆ ಆಟ ನೋಡೇ ಇಲ್ಲ. ಫಿಫಾ ಗಾಬರಿಯಾಗಿ ಇನ್ನೊಂದು ಪ್ಯಾನೆಲ್ ಕೂರಿಸಿ ಪೆಲೆಗೂ ಕೊಡಿಸ್ತು. ಇಬ್ಬರಿಗೂ ಹಂಚಿ ಕೈ ತೊಳ್ಕೊಂಡ್ರು.

ಅದಕ್ಕೇ ನಂದು ಒಂದೇ ಕಂಡೀಶನ್, ಇನ್ನೂ ಆಡ್ತಿರೋರ ಬಗ್ಗೆ, ಈಗಷ್ಟೇ ಬೂಟು ತೆಗೆದವರ ಬಗ್ಗೆ ಮಾತು ಬೇಡ. ಐದು ವರ್ಷ ಹೋಗ್ಲಿ. ನೆನ್ನೆ ನೋಡಿದ ಗೋಲ್ ಯಾವಾಗ್ಲೂ ದೊಡ್ಡದಾಗಿ ಕಾಣತ್ತೆ. ಈ ಲೆಕ್ಕದಲ್ಲಿ ಬುಸ್ಕೆಟ್ಸ್ ಮಾತೂ ಈಗ ಬೇಡ, ಮಕೆಲೆಲೆ ಓಕೆ.

ಗಾರಿಂಚಾ_ಗಲ್ಲಿ:

ಯಾರೂ ಗಾರಿಂಚಾ ಅನ್ಲಿಲ್ವಲ್ಲ ಸಿವಾ, ನನ್ನ ಹೆಸರು ನೋಡಿಯಾದ್ರೂ ನೆನಪಾಗ್ಬಾರ್ದಾ? 1962ರಲ್ಲಿ ಎರಡನೇ ಮ್ಯಾಚ್‌ಗೇ ಪೆಲೆ ಗಾಯ ಆಗಿ ಹೊರಗೆ. ಮಿಕ್ಕಿದ್ದನ್ನ ಎಳೆದವನು ಇವನು, ಕ್ವಾರ್ಟರ್‌ನಲ್ಲಿ ಇಂಗ್ಲೆಂಡ್ ಮೇಲೆ ಎರಡು, ಸೆಮಿಯಲ್ಲಿ ಚಿಲಿ ಮೇಲೆ ಎರಡು. ಸೊಟ್ಟ ಕಾಲು, ಒಂದು ಒಳಕ್ಕೆ ಒಂದು ಹೊರಕ್ಕೆ. ಪೆಲೆ ಗಾರಿಂಚಾ ಇಬ್ರೂ ಒಟ್ಟಿಗೆ ಆಡಿದ ಒಂದು ಮ್ಯಾಚ್ ಕೂಡ ಬ್ರೆಜಿಲ್ ಸೋತಿಲ್ಲ. ಒಂದೂ ಇಲ್ಲ. ಪೆಲೆಗೆ ಕೇಳದೇ ಕುರ್ಚಿ ಕೊಟ್ರಿ, ಇವನಿಗೆ ನಾನು ಬಂದು ಬೇಡ್ಬೇಕು.

ಆಫ್‌ಸೈಡ್_ಅಣ್ಣ:

@ಗಾರಿಂಚಾ_ಗಲ್ಲಿ ಇವನಿಗೆ ವೋಟೇ ಬೇಡ, ಒಳಗೆ.

ಹಳೇ_ಬೂಟು:

ಒಂದು ಬೇರೆ ಥರದ ಪ್ರಶ್ನೆ. ನಡತೆ ನೋಡ್ಬೇಕಾ ಬೇಡ್ವಾ? ಇಟಲಿಯ ಪಾವ್ಲೊ ರೊಸ್ಸಿ 1980ರ ಬೆಟ್ಟಿಂಗ್ ಹಗರಣದಲ್ಲಿ ಬ್ಯಾನ್ ಆದವನು, ತಾನು ಏನೂ ಮಾಡಿಲ್ಲ ಅಂತ ಕೊನೇ ತನಕ ಹೇಳಿದ. ಮೂರು ವರ್ಷದ ಶಿಕ್ಷೆ ಎರಡಕ್ಕೆ ಇಳಿದು 82ರ ವರ್ಲ್ಡ್ ಕಪ್‌ಗೆ ಸ್ವಲ್ಪ ಮುಂಚೆ ಬಂದ. ಮೊದಲ ನಾಲ್ಕು ಮ್ಯಾಚ್ ಸೊನ್ನೆ, ಆಮೇಲೆ ಬ್ರೆಜಿಲ್ ಮೇಲೆ ಮೂರು, ಪೋಲೆಂಡ್ ಮೇಲೆ ಎರಡು, ಫೈನಲ್‌ನಲ್ಲಿ ಒಂದು. ಕಾಂಟೊನಾ 1995ರ ಜನವರಿಯಲ್ಲಿ ಪ್ರೇಕ್ಷಕನಿಗೆ ಹಾರಿ ಒದ್ದ, ಎಂಟು ತಿಂಗಳು ಆಟ ಇಲ್ಲ. ಆದ್ರೂ ಇಂಗ್ಲೆಂಡ್‌ನ ಎರಡೂ ಹಾಲ್ ಆಫ್ ಫೇಮ್‌ನಲ್ಲಿ (ಆ ಮ್ಯೂಸಿಯಂದು, ಪ್ರೀಮಿಯರ್ ಲೀಗ್‌ದು) ಇದ್ದಾನೆ.

ನಂಗೆ ಅನ್ಸೋದು, ಮೈದಾನದಲ್ಲಿ ಕೋಪ ಮಾಡ್ಕೊಂಡಿದ್ದು ಕ್ಷಮಿಸಬಹುದು, ಶಿಕ್ಷೆ ಆಗಿದೆ, ಮುಗೀತು. ಮ್ಯಾಚನ್ನೇ ಮಾರಿದ್ರೆ ಅದು ಬೇರೆ, ಆಟದ ಮೇಲಿನ ನಂಬಿಕೆನೇ ಹೋಗುತ್ತೆ. ರೊಸ್ಸಿ ವಿಷಯದಲ್ಲಿ ಅದಕ್ಕೇ ನಂಗೆ ಪೂರ್ತಿ ಮನಸ್ಸು ಬರ್ತಿಲ್ಲ.

ನಿಧಾನವಾಗಿ_ಪಾಸ್_ಮಾಡಿ:

ಶಿಕ್ಷೆ ಅನುಭವಿಸಿ ಬಂದವನಿಗೆ ಮತ್ತೆ ಶಿಕ್ಷೆ ಕೊಡೋಕೆ ನಾವ್ಯಾರು? ರೊಸ್ಸಿಗೆ ನಾನು ಇಲ್ಲ ಅಂತೀನಿ, ಆದ್ರೆ ಕಾರಣ ಬೇರೆ. ಮೂರೇ ಮ್ಯಾಚು. ಫಾಂಟೇನ್‌ಗೆ ಒಂದು ಬೇಸಿಗೆ ಸಾಲ್ದು ಅಂದ್ರೆ ಇವನಿಗೆ ಒಂದು ವಾರ.

ಗೋಲ್‌ಪೋಸ್ಟ್_ಮಾರಾಯ:

ನಡತೆ ಅಂತ ಬಂತಲ್ಲ, ಅದರ ಉಲ್ಟಾ ಒಂದು ಹೇಳ್ತೇನೆ. ಏನೂ ತಪ್ಪು ಮಾಡದೆ ಶಿಕ್ಷೆ ಅನುಭವಿಸಿದವನನ್ನ ಎಂತ ಮಾಡುದು? ಮೊವಾಸಿರ್ ಬಾರ್ಬೋಸಾ, 1950ರಲ್ಲಿ ಬ್ರೆಜಿಲ್ ಕೀಪರ್. ಮರಕಾನಾದಲ್ಲಿ ಉರುಗ್ವೆ ಮೇಲೆ ಡ್ರಾ ಆದ್ರೆ ಸಾಕಿತ್ತು ಕಪ್ ಬರ್ಲಿಕ್ಕೆ, 2-1 ಸೋತ್ರು. ಗಿಗ್ಗಿಯಾ ಎರಡನೇ ಗೋಲನ್ನ ಹತ್ತಿರದ ಪೋಸ್ಟ್ ಕಡೆಯಿಂದ ಒಳಗೆ ಹಾಕಿದ. ಅವನು ಕ್ರಾಸ್ ಮಾಡ್ತಾನೆ ಅಂತ ಬಾರ್ಬೋಸಾ ಒಂದು ಹೆಜ್ಜೆ ಆಚೆ ಸರಿದಿದ್ದ, ಮೊದಲ ಗೋಲ್ ಬಂದದ್ದು ಹಾಗೇ ತಾನೇ, ಯಾವ ಕೀಪರ್ ಆದ್ರೂ ಅದನ್ನೇ ಮಾಡ್ತಿದ್ದ. ಅಲ್ಲಿಂದ 2000ದಲ್ಲಿ ಸಾಯುವ ತನಕ ಅವನ ತಲೆ ಮೇಲೆ ಅದೇ ಒಂದು ಗೋಲು. ಅದಕ್ಕಿಂತ ಮೊದಲು ವಾಸ್ಕೊ ಜೊತೆ 1948ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್ ಚಾಂಪಿಯನ್, 1949ರಲ್ಲಿ ಬ್ರೆಜಿಲ್ ಜೊತೆ ದಕ್ಷಿಣ ಅಮೆರಿಕ ಚಾಂಪಿಯನ್. ತನ್ನ ಕಾಲದ ದೊಡ್ಡ ಕೀಪರ್‌ಗಳಲ್ಲಿ ಒಬ್ಬ, ಆದ್ರೆ ಯಾರ ಪಟ್ಟಿಯಲ್ಲೂ ಇಲ್ಲ. ಯಾಶಿನ್‌ಗೆ 1962ರ ನಂತರ 1963 ಸಿಕ್ಕಿತು, ಇವನಿಗೆ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ.

ಅಂಕಿಅಂಶದ_ಅಜ್ಜ:

@ಗೋಲ್‌ಪೋಸ್ಟ್_ಮಾರಾಯ ಕನಿಕರಕ್ಕೆ ಕುರ್ಚಿ ಕೊಡೋಕಾಗಲ್ಲ ಮಾರಾಯ. ಆದ್ರೆ ಒಂದು ಮ್ಯಾಚ್‌ನ ಕಾರಣಕ್ಕೆ ಮೇಲೆ ಎತ್ತೋದು ತಪ್ಪಾದ್ರೆ ಒಂದು ಮ್ಯಾಚ್‌ನ ಕಾರಣಕ್ಕೆ ಹೊರಗೆ ಇಡೋದೂ ತಪ್ಪು, ಅಲ್ಲಿಗೆ ಒಪ್ತೀನಿ.

ಸೈಡ್‌ಬೆಂಚ್:

ದಕ್ಷಿಣ ಕೊರಿಯಾದ ಚಾ ಬುಮ್-ಕುನ್. ಬುಂಡೆಸ್‌ಲಿಗಾ 308 ಮ್ಯಾಚ್, 98 ಗೋಲ್. ಎರಡು ಬೇರೆ ಬೇರೆ ಕ್ಲಬ್ ಜೊತೆ ಯುಎಫಾ ಕಪ್, 1980 ಮತ್ತು 1988. ಏಷ್ಯಾದಿಂದ ಬಂದವನು ಯುರೋಪಿನ ದೊಡ್ಡ ಲೀಗ್‌ನಲ್ಲಿ ಆಡಬಹುದು ಅಂತ ಯಾರೂ ಯೋಚ್ನೆ ಮಾಡದ ಕಾಲ.

ಆಫ್‌ಸೈಡ್_ಅಣ್ಣ:

ಸೈಡ್‌ಬೆಂಚ್ ನೀನು ಮ್ಯಾಚ್‌ಗೆ ಎರಡು ಸಲ ಬಾಲ್ ಮುಟ್ಟಿ ಎರಡು ಗೋಲ್ ಹೊಡಿಯೋ ಟೈಪು.

ಚಾ ಹೆಸರು ಬಂದಿದ್ದು ಒಳ್ಳೇದಾಯ್ತು, ಯಾಕಂದ್ರೆ ನಾವು ಎಷ್ಟೇ ನ್ಯಾಯವಾಗಿ ಇರೋಣ ಅಂದ್ರೂ ನಮ್ಮ ಕಣ್ಣು ಯುರೋಪ್ ಕೊಟ್ಟ ಪ್ರಶಸ್ತಿ ಮೇಲೇ ಇರುತ್ತೆ. 1995ರ ತನಕ ಬ್ಯಾಲನ್ ಡಿ'ಓರ್ ಯುರೋಪಿನವರಿಗೆ ಮಾತ್ರ ಇತ್ತು. ಅದಕ್ಕೇ ಪೆಲೆ ಹತ್ರ ಸೊನ್ನೆ, ಮರಡೋನಾ ಹತ್ರ ಸೊನ್ನೆ. 2016ರಲ್ಲಿ ಅದನ್ನ ಕೊಡೋ ಮ್ಯಾಗಜೀನೇ ಹಳೇ ಲೆಕ್ಕ ಮತ್ತೆ ನೋಡಿ, ಎಲ್ರಿಗೂ ಅವಕಾಶ ಇದ್ದಿದ್ರೆ ಪೆಲೆಗೆ ಏಳು ಬರ್ತಿತ್ತು ಅಂತು. ರೂಲ್ ಬದಲಾದ ಮೊದಲನೇ ವರ್ಷವೇ ಗೆದ್ದವನು ವೇಆ. ಅಂದ್ರೆ ಬಾಗಿಲು ತೆಗೆದ ತಕ್ಷಣ ಒಬ್ಬ ಆಫ್ರಿಕನ್ ಒಳಗೆ ಬಂದ. ಹಾಗಾದ್ರೆ ಬಾಗಿಲು ಹಾಕಿದ್ದಾಗ ಎಷ್ಟು ಜನ ಹೊರಗಿದ್ರು? @ಕಪ್_ಇದ್ರೆ_ಮಾತು ನೀನು ಯೋಚ್ನೆ ಮಾಡ್ತೀನಿ ಅಂದಿದ್ದೆ, ಏನಾಯ್ತು?

ಕಪ್_ಇದ್ರೆ_ಮಾತು:

ವೇಆಗೆ ಹೂಂ. ಮಾಲ್ದೀನಿಗೂ ಹೂಂ, ಐದು ಯುರೋಪಿಯನ್ ಕಪ್ ಅಂದ್ರೆ ಸುಮ್ನೆನಾ. ಹಿಡೆಗ್‌ಕುಟಿಗೆ ಇಲ್ಲ. ಅದರಲ್ಲಿ ಬದಲಾವಣೆ ಇಲ್ಲ.

ಆಫ್‌ಸೈಡ್_ಅಣ್ಣ:

ಹಿಡೆಗ್‌ಕುಟಿ 1952ರ ಒಲಿಂಪಿಕ್ಸ್ ಗೋಲ್ಡ್ ಗೆದ್ದಿದ್ದಾನೆ ಕಣೋ, ಅದೂ ಕಪ್ ಅಲ್ವಾ ನಿನ್ನ ಲೆಕ್ಕದಲ್ಲಿ?

ಕಪ್_ಇದ್ರೆ_ಮಾತು:

ಅದು ಮೆಡಲ್.

ಎಡಗಾಲು_ಎಕ್ಸ್‌ಪ್ರೆಸ್:

😂😂

ಆಫ್‌ಸೈಡ್_ಅಣ್ಣ:

ಸರಿ ಇವನನ್ನ ಬಿಡಿ. ಯಾಶಿನ್, ಮಾಲ್ದೀನಿ, ಮಾರ್ತಾ, ಗಾರಿಂಚಾ, ಮ್ಯುಲ್ಲರ್, ವೇಆ, ಲಿಲಿ ಪಾರ್ ಇಷ್ಟು ಹೆಸರಿಗೆ ಯಾರೂ ಗಟ್ಟಿಯಾಗಿ ಬೇಡ ಅಂದಿಲ್ಲ. ಹಿಡೆಗ್‌ಕುಟಿ, ಬರೇಸಿ, ಮಕೆಲೆಲೆ, ಏಕರ್ಸ್, ಚಾ ಇವರಿಗೆ ಬೇರೆ ಬೇರೆ ಪೋಲ್ ಹಾಕ್ತೀನಿ. ಮೊದಲು ಒಂದು ಕುರ್ಚಿಗೆ ಇಬ್ಬರು: ಫಾಂಟೇನ್ ಅಥವಾ ವಾನ್ ಬಾಸ್ಟೆನ್. ಒಬ್ಬರ ಹೆಸರು ಮಾತ್ರ ಬರೀರಿ.

ಹಳೇ_ಬೂಟು:

ವಾನ್ ಬಾಸ್ಟೆನ್. ಕೇಳೋ ಮಾತೇ ಅಲ್ಲ.

ಅಂಕಿಅಂಶದ_ಅಜ್ಜ:

ಆರು ಮ್ಯಾಚ್‌ಗೆ 13. ಫಾಂಟೇನ್.

ಕಪ್_ಇದ್ರೆ_ಮಾತು:

ಬಾಸ್ಟೆನ್, ಯೂರೋ ಕಪ್ ಇದೆ.

ಗಡಗಡ_ಬ್ಯಾಕ್:

ಇಬ್ರೂ ಸ್ಟ್ರೈಕರ್, ಮತ್ತ ಅದ ಹಾಡು. ನಾ ಇಬ್ರಿಗೂ ಹಾಕೂದಿಲ್ಲ. ಗಾಯೆಟಾನೊ ಶಿರೇಯಾ ಅಂತ ಬರಕೋರಿ, 1982ರ ವರ್ಲ್ಡ್ ಕಪ್ ಗೆದ್ದಾಂವ, ಡಿಫೆನ್ಸ್‌ನಾಗ ಎಲ್ಲಾರ ಹಿಂದ ನಿಲ್ಲೂ ಸ್ವೀಪರ್ ಆಗಿ ಆಡಿ ಇಡೀ ಕರಿಯರ್‌ನಾಗ ಒಂದ ಒಂದು ರೆಡ್ ಕಾರ್ಡ್ ತಗೊಂಡಿಲ್ಲ.

ಆಫ್‌ಸೈಡ್_ಅಣ್ಣ:

@ಗಡಗಡ_ಬ್ಯಾಕ್ ಪೋಲ್‌ನಲ್ಲಿ ಇಲ್ಲದ ಹೆಸರು ಬರೆದ್ರೆ ವೋಟ್ ಕ್ಯಾನ್ಸಲ್.

ಗಡಗಡ_ಬ್ಯಾಕ್:

ಮಾಡ್ಕೋರಿ. ಡಿಫೆಂಡರ್‌ಗೆ ಅದೇನ್ ಹೊಸಾದಲ್ಲ.